ಮಡ್ಡಿಗ

ಬಸ್ಸಿನ ಕಿಟಕಿಯ ಆಚೆ ಇದ್ದದ್ದನ್ನೆಲ್ಲ ಇರ್ಫಾನಾ ಒಂದೊಂದಾಗಿ ಅಳಿಸುತ್ತ ಹೊರಟಿದ್ದಳು. ಮೊದಲು ಕಬ್ಬು ಹೋಯಿತು, ಅದು ಪೂರ್ವದ ದ್ವೀಪಗಳ ಕಡೆಯಿಂದ ಬಂದದ್ದು. ಗೋವಿನಜೋಳ ಹೋಯಿತು, ಅದು ಹಡಗಿನಲ್ಲಿ ಬಂದದ್ದು. ಬಿಳಿಜೋಳವನ್ನು ತೆಗೆಯುವಾಗ ಮನಸ್ಸು ಸ್ವಲ್ಪ ಹಿಂಜರಿಯಿತು, ಬೆಳಿಗ್ಗೆ ತಿಂದ ರೊಟ್ಟಿ ಇನ್ನೂ ಹೊಟ್ಟೆಯಲ್ಲೇ ಇತ್ತು. ಆದರೂ ಅದು ಆಫ್ರಿಕಾದ ಹುಲ್ಲು, ತೆಗೆದಳು. ಕಾಲುವೆಯ ದಂಡೆಯ ಬಳ್ಳಾರಿ ಜಾಲಿ ಹೋಯಿತು. ಕೆಸರಿನಲ್ಲಿ ಕೂತ ಎಮ್ಮೆಗಳು, ಗೂಟಕ್ಕೆ ಕಟ್ಟಿದ ಹೋರಿ, ಬಸ್ಸಿಗೆ ಅಡ್ಡ ಬಂದು ಬೈಸಿಕೊಂಡ ಆಡು, ಅದರ ಹಿಂದೆ ಓಡಿದ ನಾಯಿ, ಎಲ್ಲ ಹೋದವು. ಆಮೇಲೆ ಮನುಷ್ಯರು. ಕುಲಗೋಡದ ಸ್ಟ್ಯಾಂಡಿನಲ್ಲಿ ತನ್ನನ್ನು ನೋಡಿ ಮಾತು ನಿಲ್ಲಿಸಿದ ಇಬ್ಬರು, ಚಿಲ್ಲರೆಯನ್ನು ಅವಳ ಅಂಗೈಗೆ ಕೊಡದೆ ಸೀಟಿನ ಮೇಲಿಟ್ಟು ಹೋದ ಕಂಡಕ್ಟರ, ಕೊನೆಗೆ ಬ್ಯಾಗನ್ನು ಮಡಿಲಲ್ಲಿ ಅವುಚಿಕೊಂಡು ಕೂತ ತಾನು. ತನ್ನನ್ನು ತೆಗೆಯುವುದೇ ಎಲ್ಲಕ್ಕಿಂತ ಸುಲಭವಾಯಿತು. ಉಳಿದದ್ದು ಕೆಂಪು ಗುಡ್ಡ, ಹಳ್ಳ, ಯಾರೂ ಹೆಸರಿಡದ ಹುಲ್ಲು, ಹುಲ್ಲಿನ ಬುಡದಲ್ಲಿ ಕಪ್ಪೆ. ಕಪ್ಪೆ ಮಾತ್ರ ಮೊದಲಿನಿಂದ ಇಲ್ಲಿಯದು. ಆ ಬಯಲಿನಲ್ಲಿ ಮಡ್ಡಿಗ ತಲೆ ತಗ್ಗಿಸಿ ಮೇಯುತ್ತ ಬಂದಿತು. ಕರುವಿನಷ್ಟು ಎತ್ತರ, ಗಿಡ್ಡ ಕಾಲು, ಅಗಲ ಉಗುರು, ಕೋಡಿಲ್ಲ. ಮಡ್ಡಿಯ ಮೇಲೆ, ಕಲ್ಲುನೆಲದ ಮೇಲೆ, ಇರುವುದರಿಂದ ಮಡ್ಡಿಗ. ಹೆಸರಿಟ್ಟವಳು ಒಂಬತ್ತನೆಯ ವರ್ಗದ ಯಶೋಧರಾ. ಆ ಹುಡುಗಿಯ ಹೆಸರು ನೆನಪಾದ ಕೂಡಲೇ ಬಯಲು ಮಾಯವಾಗಿ ಕಬ್ಬು ಮತ್ತೆ ಕಿಟಕಿಗೆ ಒತ್ತಿಕೊಂಡು ಬಂತು.

ಗೋಕಾಕದ ಒಂದು ಶಾಲೆಯಲ್ಲಿ ಇರ್ಫಾನಾ ವಿಜ್ಞಾನದ ಟೀಚರು. ಜೀವವಿಕಾಸದ ಪಾಠವನ್ನು ಮಕ್ಕಳು ಬಾಯಿಪಾಠ ಮಾಡಿ ಒಪ್ಪಿಸುವುದನ್ನು ಕೇಳಿ ಕೇಳಿ ಬೇಸತ್ತು ಒಂದು ದಿನ ಪುಸ್ತಕ ಮುಚ್ಚಿ ಕೇಳಿದ್ದಳು: ನಮ್ಮ ದೇಶ ಒಂದು ಕಾಲಕ್ಕೆ ಸಮುದ್ರದ ನಡುವೆ ತೇಲುವ ದ್ವೀಪವಾಗಿತ್ತು, ಆಮೇಲೆ ಹೋಗಿ ಉತ್ತರದ ನೆಲಕ್ಕೆ ಬಡಿಯಿತು, ಆ ದಾರಿಯಿಂದ ಎಷ್ಟೋ ಪ್ರಾಣಿ ಒಳಗೆ ಬಂದವು; ಬಡಿಯದೇ ಇದ್ದಿದ್ದರೆ? ಇವತ್ತಿಗೂ ದ್ವೀಪವೇ ಆಗಿದ್ದರೆ ಈ ಘಟಪ್ರಭೆಯ ದಂಡೆಯ ಮೇಲೆ ಏನು ಮೇಯುತ್ತಿತ್ತು, ಅದನ್ನು ಯಾರು ತಿನ್ನುತ್ತಿದ್ದರು? ಷರತ್ತು ಇಷ್ಟೇ: ಮನಸ್ಸಿಗೆ ಬಂದಂತೆ ಮಾಡುವ ಹಾಗಿಲ್ಲ. ಪ್ರತಿ ಪ್ರಾಣಿಗೂ ಒಬ್ಬ ಪೂರ್ವಜ ಬೇಕು, ಒಂದು ಆಹಾರ ಬೇಕು, ಒಬ್ಬ ವೈರಿ ಬೇಕು. ವರ್ಗದಲ್ಲಿ ಅಂಥ ಗದ್ದಲವನ್ನು ಅವಳು ಎಂದೂ ಕೇಳಿರಲಿಲ್ಲ. ನೆಲದ ಮೇಲೆ ಓಡುವ ಮೊಸಳೆ ಬಂತು, ಹಾರಲಾರದ ಕೊಕ್ಕರೆ ಬಂತು. ಹಿಂದಿನ ಸಾಲಿನಿಂದ ಯಾರೋ, “ಟೀಚರ್, ಆಕಳಾ?” ಎಂದ. “ಆಕಳೂ ಇಲ್ಲ” ಎಂದಳು ಇರ್ಫಾನಾ, “ಎಮ್ಮಿ ಇಲ್ಲ, ಆನಿ ಇಲ್ಲ, ಹುಲಿ ಇಲ್ಲ, ಮಂಗ್ಯಾ ಇಲ್ಲ. ನಾವೂ ಇಲ್ಲ.” ಯಾರೋ ಕದ್ದು ತೆಗೆದ ವಿಡಿಯೋ ಊರೂರು ತಿರುಗಿದಾಗ ಅದರಲ್ಲಿ ಉಳಿದದ್ದು ‘ಆಕಳೂ ಇಲ್ಲ’ ಎಂಬಷ್ಟೇ ಮಾತು, ಮತ್ತು ಅದನ್ನು ಹೇಳುತ್ತ ನಗುತ್ತಿದ್ದ ಅವಳ ಮುಖ. ತಾನು ನಕ್ಕದ್ದು ಅವಳಿಗೆ ನೆನಪಿರಲಿಲ್ಲ. ವಿಡಿಯೋ ನೋಡಿದ ಮೇಲೆ ಆ ನಗುವನ್ನೇ ಮತ್ತೆ ಮತ್ತೆ ಪರೀಕ್ಷಿಸಿದಳು. ಮಕ್ಕಳ ಗದ್ದಲದ ಸುಖವೇ ಅದು? ಅಥವಾ ಆ ಒಂದು ಮಾತು ಆಡುವಾಗ ನಾಲಿಗೆಯ ತುದಿಗೆ ಬೇರೆಯದೇ ಒಂದು ರುಚಿ ಹತ್ತಿತ್ತೇ? ಹತ್ತಿದ್ದರೂ ಹತ್ತಿರಬಹುದು. ಶಾಲೆಗೆ ಸೇರಿದ ಹೊಸತರಲ್ಲಿ, ನೀವು ಮನ್ಯಾಗ ಕನ್ನಡಾನ ಮಾತಾಡತೀರಿ? ಅಂತ ಅಚ್ಚರಿಪಟ್ಟವರಿದ್ದರು. ನಿಮ್ಮವರು ಮೂಲ ಎಲ್ಲಿಯವರ್ರಿ ಅಂತ ಈಗಲೂ ಕೇಳುವವರಿದ್ದರು. ಕುಲಗೋಡ, ಅನ್ನುತ್ತಿದ್ದಳು. ಅದಕ್ಕಿಂತ ಮೊದಲು? ಕುಲಗೋಡ. ಆ ದ್ವೀಪದಲ್ಲಿ ಈ ಪ್ರಶ್ನೆ ಕೇಳುವುದಕ್ಕೆ ಒಬ್ಬರೂ ಇರಲಿಲ್ಲ ಎಂಬುದು ಅವಳಿಗೆ ಹಿತವಾಗಿದ್ದರೆ ಅದೇನು ಅಪರಾಧವೇ ಎಂದು ತನ್ನೊಡನೆ ತಾನೇ ಜಗಳ ತೆಗೆದಳು.

ಅಪರಾಧ ಅದಲ್ಲ, ಬೇರೆ. ವಿಡಿಯೋ ಹರಡಿದ ಮೇಲೆ ನಾಗನೂರದಿಂದ ಶಾಲೆಯ ಆಫೀಸಿಗೆ ಜೀಪು ತುಂಬ ಜನ ಬಂದಿದ್ದರು. ನಡುವೆ ಹೆಗಲ ಮೇಲೆ ವಲ್ಲಿ ಹಾಕಿಕೊಂಡ ಒಬ್ಬ ಸುಮ್ಮನೆ ನಿಂತಿದ್ದ, ಯಶೋಧರಾಳ ತಂದೆ ಮಾಯಪ್ಪ. ಆಕಳ ಹಾಲು ಹಿಂಡುವ ಹೊತ್ತಿಗೆ ಮಗಳು, “ಅಪ್ಪಾ, ಇದರ ಹಿರ್ಯಾರು ಹೊರಗಿಂದ ಬಂದಾವ” ಎಂದಿದ್ದಳಂತೆ; ಅವನು ನಕ್ಕು ಬಿಟ್ಟಿದ್ದನಂತೆ; ವಿಡಿಯೋ ಬಂದ ಮೇಲೆ ಊರವರು ಅರ್ಜಿ ಬರೆದು ಅವನ ಸಹಿ ಹಾಕಿಸಿ ಕರೆತಂದಿದ್ದರು. ಹೆಡ್‌ಮಾಸ್ತರ ಗುರುಪಾದ ಸರ್ ಹುಡುಗಿಯನ್ನು ಕರೆಸಿ ಕೇಳಿದರು. ಎರಡು ಜಡೆಯ, ಸಣಕಲು ಹುಡುಗಿ ಅಷ್ಟು ಜನ ಗಂಡಸರ ನಡುವೆ ನಿಂತು, “ಟೀಚರ್ ಹೇಳಿದ್ದು ಖರೇ ಐತ್ರಿ. ಮಡ್ಡಿಗ ನಾ ಮಾಡಿದ್ದು” ಎಂದಳು. ಯಾರೋ ಮೇಜು ಗುದ್ದಿದರು. ಆಗ ಇರ್ಫಾನಾಳ ಬಾಯಿಂದ, ಯಾರೂ ಕೇಳದಿದ್ದರೂ, ಆ ಮಾತು ಬಂತು: “ಹುಡುಗಿ ತಪ್ಪು ತಿಳಕೊಂಡಾಳ್ರಿ. ಸಣ್ಣಾಕಿ.” ಯಶೋಧರಾ ಕತ್ತೆತ್ತಿ ಅವಳನ್ನು ನೋಡಿದಳು. ಸಿಟ್ಟಿರಲಿಲ್ಲ ಆ ನೋಟದಲ್ಲಿ. ಲೆಕ್ಕ ಸರಿಬಂದಿದೆಯೆಂದು ಗೊತ್ತಿದ್ದೂ ತಪ್ಪು ಗುರುತು ಬಿದ್ದಾಗ ಮಕ್ಕಳು ಒಂದು ಕ್ಷಣ ಗುರುತಿನ ಕಡೆಗೂ ಮರುಕ್ಷಣ ಮಾಸ್ತರರ ಮುಖದ ಕಡೆಗೂ ನೋಡುವುದಿಲ್ಲವೇ, ಹಾಗೆ. ಆವತ್ತಿನಿಂದ ಆ ಹುಡುಗಿ ವರ್ಗದಲ್ಲಿ ಬಾಯಿ ಬಿಟ್ಟಿರಲಿಲ್ಲ.

ಇವತ್ತು ಪ್ರಾರ್ಥನೆಯ ಹೊತ್ತಿಗೆ ಎಲ್ಲರ ಎದುರಿಗೆ ಕ್ಷಮೆ ಕೇಳಬೇಕು. ಸಂಸ್ಥೆಯ ಚೇರಮನ್ನರ ಅಪ್ಪಣೆ. “ಒಂದ ಮಾತ ಹೇಳಿ ಮುಗಿಸಿ ಬಾ” ಎಂದಿದ್ದಳು ತಾಯಿ ಖಾತುನಬಿ, ತವೆಯ ಮೇಲಿನ ರೊಟ್ಟಿಗೆ ನೀರು ಸವರುತ್ತ. “ನಾಲಿಗಿಗೆ ಎಲುಬಿಲ್ಲ. ಹೆಂಗ ಹೊಳ್ಳಿಸಿದ್ರ ಹಂಗ ಹೊಳ್ಳತೈತಿ.” ಹಿಂದಿನ ಸಂಜೆ ಬಂದಗಿಸಾಬ ಮಾಮು ಬಂದು ಕಟ್ಟೆಯ ಮೇಲೆ ಕೂತಿದ್ದ. ಅವನ ಅಸಮಾಧಾನ ಬೇರೆ ತರಹದ್ದು. “ಮಾಡವ ಒಬ್ಬನ ಅದಾನ. ನೀ ಯಾರು ಪ್ರಾಣಿ ಮಾಡಾಕಿ? ನಾಳೆ ಅದಕ್ಕ ಜೀವಾ ತುಂಬು ಅಂದ್ರ ತುಂಬತಿ ಏನು?” ಇರ್ಫಾನಾ ಸಾವಧಾನವಾಗಿ ಹೇಳಿದಳು: “ನಾ ಏನೂ ಮಾಡಿಲ್ಲ ಮಾಮು. ಇದ್ದಿದ್ರ ಹೆಂಗ ಇರತಿತ್ತು ಅಂತ ಕೇಳೇನಿ ಅಷ್ಟ.” “ಅದನ್ನರ ಕೇಳೂದ್ಯಾಕ?” ಎಂದ ಮಾಮು. ಜೀಪಿನಲ್ಲಿ ಬಂದವರೂ ಇದನ್ನೇ ಕೇಳಿದ್ದರು. ಒಬ್ಬರ ಮುಖ ಒಬ್ಬರು ನೋಡದ ಎರಡು ಕಡೆಯವರು ಒಂದೇ ಮಾತಿಗೆ ಬಂದು ನಿಂತದ್ದು ನೋಡಿ ಅವಳಿಗೆ ನಗು ಬಂದಿತ್ತು. ಈಗ ಬಸ್ಸಿನಲ್ಲಿ ನೆನಪಾಗಿ ಮತ್ತೆ ಬಂತು. ಪಕ್ಕದಲ್ಲಿದ್ದ ಹೆಂಗಸು ಸ್ವಲ್ಪ ಸರಿದು ಕೂತಳು.

ಸ್ಟಾಫ್‌ರೂಮಿನಲ್ಲಿ ಎಲ್ಲರೂ ಅವಳೊಡನೆ ವಿಪರೀತ ಮೃದುವಾಗಿ ನಡೆದುಕೊಂಡರು. ನಾಷ್ಟಾ ಆತೇನ್ರಿ ಎಂದು ಒಬ್ಬರಾದ ಮೇಲೆ ಒಬ್ಬರು ಕೇಳಿದರು, ಸತ್ತವರ ಮನೆಗೆ ಬಂದವರು ಕೇಳುವ ಹಾಗೆ. ಅವಳ ಖುರ್ಚಿಯನ್ನು ಯಾರೋ ಒರೆಸಿಟ್ಟಿದ್ದರು. ಬೈದಿದ್ದರೆ ಚೆನ್ನಾಗಿತ್ತು ಅನ್ನಿಸಿತು. ಕನ್ನಡ ಟೀಚರು ಮಯೂರಿ ಯಮಕನಮರಡಿಯವಳು, ಇನ್ನೂ ಹೊಸಬಳು. ಕ್ಷಮಾಪಣೆಯನ್ನು ಬರೆದುಕೊಡುವ ಕೆಲಸವನ್ನು ಗುರುಪಾದ ಸರ್ ಅವಳಿಗೆ ವಹಿಸಿದ್ದರು. ಮಡಚಿದ ಹಾಳೆಯನ್ನು ಕೈಯಲ್ಲಿಟ್ಟು ಅವಳು ಪಿಸುಮಾತಿನಲ್ಲಿ, “ನಿಮಗ ಕಡಿಮಿ ನೋವಾಗೂ ಹಂಗ ಬರದೇನಿ ಅಕ್ಕಾರ. ‘ವಿಷಾದಿಸುತ್ತೇನೆ’ ಅಂತ ಹಾಕೇನಿ, ‘ಕ್ಷಮೆ ಬೇಡುತ್ತೇನೆ’ ಅಂತ ಹಾಕಿಲ್ಲ” ಎಂದಳು. ಬರವಣಿಗೆ ನಿಜಕ್ಕೂ ಚೆನ್ನಾಗಿತ್ತು. ಪ್ರಾಸವಿತ್ತು, ಓಟವಿತ್ತು. ಕೊನೆಯ ಸಾಲು: ‘ನಾನು ಪಾಠದಲ್ಲಿ ವರ್ಣಿಸಿದಂತಹ ಪ್ರಾಣಿಯು ಇರಲು ಸಾಧ್ಯವೇ ಇಲ್ಲವೆಂದು ಈ ಮೂಲಕ ಸ್ಪಷ್ಟಪಡಿಸುತ್ತೇನೆ.’ ಇರ್ಫಾನಾ ಅದನ್ನು ಎರಡು ಸಲ ಓದಿದಳು. “ಈ ಸಾಲು ಯಾರು ಹೇಳಿದ್ದು?” “ಚೇರಮನ್ರು. ಇದೊಂದು ಇರಾಕ ಬೇಕು ಅಂದ್ರಂತ.” “ಅಂಥಾ ಪ್ರಾಣಿ ಇಲ್ಲ ಅಂತ ಹಾಕಿದ್ರ ಸಾಕಾಗತಿತ್ತಲ್ಲ?” ಮಯೂರಿ ವ್ಯಾಕರಣ ನೋಡುವವಳಂತೆ ಹಾಳೆಯನ್ನು ಬಾಗಿ ನೋಡಿ, “ಎರಡೂ ಒಂದ ಅಲ್ರಿ?” ಎಂದಳು.

ಎರಡೂ ಒಂದಲ್ಲ. ಮೈದಾನಕ್ಕೆ ನಡೆಯುವಾಗ ಇರ್ಫಾನಾಳ ತಲೆಯಲ್ಲಿ ಅದೊಂದೇ ತಿರುಗುತ್ತಿತ್ತು. ಮಡ್ಡಿಗ ಇಲ್ಲವೆಂದು ಅವಳೇ ಮೊದಲನೆಯ ದಿನ ಹೇಳಿದ್ದಳು, ಹಲಗೆಯ ಮೇಲೆ ದಪ್ಪ ಅಕ್ಷರದಲ್ಲಿ ‘ಕಲ್ಪನೆ’ ಎಂದು ಬರೆದೇ ಶುರು ಮಾಡಿದ್ದಳು. ಇಲ್ಲದ್ದನ್ನು ಇಲ್ಲವೆಂದು ನೂರು ಸಲ ಹೇಳಬಹುದು, ಅದಕ್ಕೇನು ಅವಮಾನ? ಆದರೆ ಸಾಧ್ಯವೇ ಇಲ್ಲ ಅನ್ನುವುದು ಬೇರೆ. ಇಲಿಯಷ್ಟಿದ್ದ ಪೂರ್ವಜನಿಂದ ಶುರುಮಾಡಿ, ಹಲ್ಲು ಹೇಗೆ ಅಗಲವಾಯಿತು, ಹೊಟ್ಟೆ ಹೇಗೆ ಹಿಗ್ಗಿತು, ಹುಕ್ಕೇರಿ ಕಡೆಯ ಕರಿಕಲ್ಲು ಬೆಂಕಿಯಾಗಿ ಹರಿದ ಕಾಲದಲ್ಲಿ ಅದು ಯಾವ ಬಿಲದಲ್ಲಿ ಉಳಿದುಕೊಂಡಿತು ಎಂದು ಹುಡುಗಿ ಒಂದೊಂದು ಮೆಟ್ಟಿಲನ್ನೂ ಕಟ್ಟಿದ್ದಳು. ಇರ್ಫಾನಾ ಪ್ರತಿ ಮೆಟ್ಟಿಲನ್ನೂ ಕಾಲಿಂದ ಒದ್ದು ನೋಡಿದ್ದಳು; ಯಾವುದೂ ಅಲುಗಲಿಲ್ಲ. ಈಗ ಆ ಹುಡುಗಿಯ ಎದುರಿಗೇ ನಿಂತು, ಮೈಕಿನಲ್ಲಿ, ಎರಡನೆಯ ಸಲ ಅವಳಿಗೆ ತಪ್ಪು ಗುರುತು ಹಾಕಬೇಕು.

ಪ್ರಾರ್ಥನೆ ಮುಗಿಯಿತು. ಕಾಂಪೌಂಡಿನ ಬಳಿ ಬಿಳಿ ಜೀಪು, ಎದೆಗೆ ಕೈಕಟ್ಟಿ ನಿಂತ ಕೆಲವರು. ಅವರಿಂದ ಸ್ವಲ್ಪ ದೂರ ಮಾಯಪ್ಪ ಒಬ್ಬನೇ, ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು. ಗುರುಪಾದ ಸರ್, “ಇರ್ಫಾನಾ ಟೀಚರ್ ಎರಡು ಮಾತು ಹೇಳುತ್ತಾರೆ” ಎಂದು ಹೇಳಿ ಮೈಕು ಕೊಡುವಾಗ ಅವಳ ಮುಖ ನೋಡಲಿಲ್ಲ. ಅವಳು ಓದಿದಳು. ತನ್ನ ದನಿ ಗೋಡೆಗೆ ತಟ್ಟಿ ಮರಳಿ ಬರುವುದನ್ನು ಬೇರೆ ಯಾರದೋ ಎಂಬಂತೆ ಕೇಳಿದಳು. ‘ಯಾರ ಭಾವನೆಗೂ ಧಕ್ಕೆ ತರುವ ಉದ್ದೇಶವಿರಲಿಲ್ಲ’ ಸುಲಭವಾಗಿ ದಾಟಿತು, ಅದು ಹೆಚ್ಚುಕಡಿಮೆ ನಿಜವೇ ಆಗಿತ್ತು. ‘ವಿಷಾದಿಸುತ್ತೇನೆ’ಯೂ ದಾಟಿತು. ಕೊನೆಯ ಸಾಲಿಗೆ ಬಂದಾಗ ಕಣ್ಣು ತಾನಾಗಿ ಒಂಬತ್ತನೆಯ ವರ್ಗದ ಸಾಲಿಗೆ ಹೋಯಿತು. ಯಶೋಧರಾ ಇವಳನ್ನು ನೋಡುತ್ತಿರಲಿಲ್ಲ. ಚಪ್ಪಲಿಯ ತುದಿಯಿಂದ ಮಣ್ಣಿನಲ್ಲಿ ಗೆರೆ ಎಳೆಯುತ್ತಿದ್ದಳು, ಏನು ಬರಲಿದೆ ಎಂದು ಗೊತ್ತಿದ್ದವಳ ಹಾಗೆ. ಇರ್ಫಾನಾಳ ಎಲುಬಿಲ್ಲದ ನಾಲಿಗೆ ಅಷ್ಟು ದೊಡ್ಡ ಮೈದಾನದಲ್ಲಿ ಹೊಳ್ಳಲೊಲ್ಲದೆ ನಿಂತುಬಿಟ್ಟಿತು. ಹಾಳೆ ಮಡಚಿದಳು.

“ಅಂಥಾ ಪ್ರಾಣಿ ಇದ್ದಿಲ್ಲ” ಎಂದಳು ಮೈಕಿನಲ್ಲಿ, ಬರೆದುಕೊಟ್ಟ ಕನ್ನಡ ಬಿಟ್ಟು ತನ್ನ ಕನ್ನಡದಲ್ಲಿ. “ಆದ್ರ ಇರಬಹುದಿತ್ತು. ಒಂಬತ್ತನೇ ವರ್ಗದ ಯಶೋಧರಾ ತಪ್ಪು ತಿಳಕೊಂಡಾಳ ಅಂತ ನಾ ಆಫೀಸಿನ್ಯಾಗ ಹೇಳಿದ್ದೆ. ಆಕಿ ಬರೋಬ್ಬರಿ ತಿಳಕೊಂಡಿದ್ಲು. ಸುಳ್ಳ ಹೇಳಿದಾಕಿ ನಾನು. ಅದಕ್ಕ ಆಕೀಗೆ ಕ್ಷಮಾ ಕೇಳತೇನಿ.” ಮೈಕನ್ನು ಮಯೂರಿಯ ಕೈಗೆ ಕೊಟ್ಟಳು. ಮಯೂರಿ ಅದನ್ನು ಕಾದ ಪಾತ್ರೆಯಂತೆ ಹಿಡಿದು ನಿಂತಳು. ಜೀಪಿನ ಬಳಿ ಒಬ್ಬ ಫೋನು ಕಿವಿಗಿಟ್ಟುಕೊಂಡ.

“ಒಂದ ಸಾಲು” ಎಂದರು ಗುರುಪಾದ ಸರ್ ತಮ್ಮ ಕೋಣೆಯಲ್ಲಿ. ಸಿಟ್ಟಿಗಿಂತ ದಣಿವೇ ಹೆಚ್ಚಾಗಿತ್ತು ಆ ದನಿಯಲ್ಲಿ. “ಒಂದ ಸಾಲು ಓದೂದಿತ್ತಲ್ರಿ ಟೀಚರ್. ನಾಲ್ಕು ದಿನದಾಗ ಎಲ್ಲಾರೂ ಮರೀತಿದ್ರು.”

“ಆಕಿ ಮರೀತಿದ್ದಿಲ್ರಿ.”

“ನನಗ ತಿಳೀತೈತಿ. ತಿಳದು ನಾ ಏನ ಮಾಡ್ಲಿ?” ಮೇಜಿನ ಮೇಲಿನ ಕಾಗದ ಆ ಕಡೆಯಿಂದ ಈ ಕಡೆಗೆ ಸರಿಸಿದರು. “ಚೇರಮನ್ರು ಫೋನ್ ಮಾಡಿದ್ರು. ಕಮೀಟಿ ಕೂಡೂ ತನಕ ನಾಳಿಂದ ಬರಬ್ಯಾಡಂತ ಹೇಳಂದಾರ.”

ಪಗಾರಿನ ಮೇಲೆ ನಡೆಯುವ ಮನೆ, ತಾಯಿ, ನಾಳೆ ಬೆಳಿಗ್ಗೆ ಬಸ್ಸಿಗೆ ಹೋಗದೆ ಇರುವ ತನ್ನನ್ನು ನೋಡಿ ಓಣಿ ಏನೆನ್ನುತ್ತದೆ, ಎಲ್ಲ ಇರ್ಫಾನಾಳ ಕಣ್ಣ ಮುಂದೆ ಬಂದವು. ಬಂದು, ಸಾಲಾಗಿ ನಿಂತವು, ಅಷ್ಟೇ. ಎದೆಯೊಳಗೆ ಇಷ್ಟು ದಿನ ಅರಗದೆ ಕೂತಿದ್ದ ಒಂದು ಗಂಟು ಮಾತ್ರ ಇರಲಿಲ್ಲ. “ನಾಳಿಂದ?” ಎಂದಳು.

“ನಾಳಿಂದ.”

“ಹಂಗಾರ ಇವತ್ತಿನ ಎರಡನೇ ಪಿರಿಯಡ್ ನಂದ ಐತಿ.”

ನಾಳಿಂದ ಎಂಬ ಮಾತನ್ನು ಆಡಿದವರು ಗುರುಪಾದ ಸರ್ ತಾವೇ. ಅದನ್ನು ಹಿಂದಕ್ಕೆ ಎಳೆದುಕೊಳ್ಳಲು ಯಾವ ದಾರಿಯೂ ತಕ್ಷಣಕ್ಕೆ ಹೊಳೆಯಲಿಲ್ಲ. ಅವಳು ಎದ್ದು ಹೊರಗೆ ಬಂದಳು.

ನೀರಿನ ನಲ್ಲಿಯ ಹತ್ತಿರ ಮಾಯಪ್ಪ ನಿಂತಿದ್ದ. ಜೀಪು ಹೋಗಿತ್ತು, ಅವನನ್ನು ಬಿಟ್ಟು ಹೋಗಿದ್ದರೋ ಅವನೇ ಉಳಿದಿದ್ದನೋ. ಇವಳನ್ನು ನೋಡಿ ವಲ್ಲಿಯನ್ನು ಹೆಗಲಿಂದ ತೆಗೆದು ಮತ್ತೆ ಹೆಗಲಿಗೇ ಹಾಕಿಕೊಂಡ. ಅವಳು ದಾಟಿ ಹೋಗಬೇಕೆಂದಿದ್ದಳು. “ಟೀಚರ್” ಎಂದ. “ಒಂದ ಕೇಳ್ಲ್ಯಾ? ಅದು ಹಾಲ ಕೊಡತಿತ್ತೇನ್ರಿ?”

ಅವಳಿಗೆ ಮೊದಲು ಅರ್ಥವೇ ಆಗಲಿಲ್ಲ. ಆಮೇಲೆ ಅರ್ಥವಾಗಿ ಒಳಗಿನಿಂದ ಕೋಪ ಏರಿ ಬಂತು. ಸಹಿ ಹಾಕಿದವನು, ಜೀಪಿನಲ್ಲಿ ಬಂದು ನಿಂತವನು, ಈಗ ಕೆಲಸ ಹೋದ ಮೇಲೆ ಹಾಲಿನ ವಿಚಾರ ಕೇಳುತ್ತಾನೆ. “ನನ್ನ ಯಾಕ ಕೇಳತೀರಿ? ಅದನ್ನ ಮಾಡಿದಾಕಿ ನಿಮ್ಮ ಮಗಳು. ಆಕೀನ್ನ ಕೇಳ್ರಿ.”

“ಆಕಿ ನನ್ನ ಕೂಡ ಮಾತಾಡವಲ್ಲಳ್ರಿ. ಕೊಟ್ಟಿಗೀಗೂ ಬರವಲ್ಲಳು.” ಕೇಳದಿದ್ದರೂ ಹೇಳಿದ: “ಅರ್ಜಿ ನಾ ಬರದದ್ದಲ್ರಿ. ಸಹಿ ಅಷ್ಟ ನಂದು. ಹಿಂದಕ್ಕ ತಗೊಳ್ಳಾಕ ಬರಂಗಿಲ್ಲ. ಅದ ಊರಾಗ ನಾ ಬಾಳೇ ಮಾಡಬೇಕು.”

“ತಗೋಬ್ಯಾಡ್ರಿ” ಎಂದಳು ಇರ್ಫಾನಾ. ಅವನ ಮೇಲೆ ಕನಿಕರ ಬರಲಿಲ್ಲ, ಬರಿಸಿಕೊಳ್ಳಲು ಅವಳು ಪ್ರಯತ್ನಿಸಲೂ ಇಲ್ಲ. “ಹಾಲಿಂದು ತಿಳಕೋಬೇಕಂದ್ರ ವರ್ಗದ ಕಿಡಕ್ಯಾಗ ಬಂದು ನಿಂದರ್ರಿ.”

ಅವಳು ಒಳಗೆ ಕಾಲಿಟ್ಟಾಗ ಮಕ್ಕಳು ಎದ್ದು ನಿಂತರು, ಎಂದಿನ ಹಾಗೆ ರಾಗವೆಳೆದು ನಮಸ್ತೆ ಹೇಳಲಿಲ್ಲ. ಮೇಜಿನ ಮೇಲೆ ಪುಸ್ತಕ ಇಡದೆ, ಹಾಜರಿ ಕರೆಯದೆ ಸೀಮೆಸುಣ್ಣವನ್ನು ತೆಗೆದುಕೊಂಡು ನೇರ ಮೂರನೆಯ ಬೆಂಚಿಗೆ ಹೋಗಿ ಯಶೋಧರಾಳ ಮುಂದೆ ಹಿಡಿದಳು. ಹುಡುಗಿ ಸೀಮೆಸುಣ್ಣವನ್ನೂ ಅವಳ ಮುಖವನ್ನೂ ನೋಡಿದಳು. ಕೊಟ್ಟದ್ದನ್ನು ತೆಗೆದುಕೊಳ್ಳಬೇಕೆಂಬ ಕಟ್ಟುಪಾಡಿಲ್ಲ ಎಂದು ಇರ್ಫಾನಾ ಮನಸ್ಸಿನಲ್ಲೇ ಒಪ್ಪಿಕೊಂಡಳು; ಒಂದು ಸಲ ಕೈಬಿಟ್ಟವಳ ಕೈಯಿಂದ ಯಾರು ಏನು ತೆಗೆದುಕೊಳ್ಳುತ್ತಾರೆ? ಹುಡುಗಿ ಎದ್ದಳು. ಸೀಮೆಸುಣ್ಣವನ್ನು ಕಸಿದುಕೊಂಡಂತೆಯೇ ತೆಗೆದುಕೊಂಡು ಹಲಗೆಯ ಕಡೆ ನಡೆದಳು. ಇರ್ಫಾನಾ ಅವಳ ಜಾಗದಲ್ಲಿ ಬೆಂಚಿನ ಮೇಲೆ ಕೂತಳು. ಮೊಣಕಾಲು ಡೆಸ್ಕಿಗೆ ಬಡಿಯಿತು.

ಯಶೋಧರಾ ಬೆನ್ನಿನಿಂದ ಶುರು ಮಾಡಿದಳು, ಒಂದೇ ಎಳೆತದಲ್ಲಿ. ಹೊಟ್ಟೆ ಬಂತು, ಗಿಡ್ಡ ಕಾಲುಗಳು ಬಂದವು. ಕಿಟಕಿಯ ಸರಳಿನ ಆಚೆ ಮಾಯಪ್ಪನ ಮುಖ ಬಂದು ನಿಂತಿತು. ಹುಡುಗಿಗೆ ಕಂಡಿತು; ಕೈ ನಿಲ್ಲಲಿಲ್ಲ. “ಇದರ ಮರಿ ತತ್ತಿಯಿಂದ ಬರತೈತಿ” ಎಂದಳು ವರ್ಗಕ್ಕೆ, ಅಷ್ಟು ದಿನ ಮಾತಾಡದೆ ಕಟ್ಟಿದ ದನಿಯಲ್ಲಿ. “ಮೊಲಿ ಇಲ್ಲ. ಹಾಲು ಹೊಟ್ಟಿ ಚರ್ಮದಾಗ ಬೆವರ ಬಂದಂಗ ಬರತೈತಿ. ಮರಿ ನೆಕ್ಕತೈತಿ.”

“ಹಂಗಾರ ಹಿಂಡಾಕ ಬರಂಗಿಲ್ಲ” ಎಂದ ಮಾಯಪ್ಪ ಹೊರಗಿನಿಂದ, ತನಗೇ ಎಂಬಂತೆ.

“ಇಲ್ಲ” ಎಂದಳು ಮಗಳು, ತಿರುಗದೆ. “ಹಿಂಡಾಕ ಅಲ್ಲಿ ಯಾರೂ ಇಲ್ಲ. ಅದರ ಹಾಲು ಅದರ ಮರೀಗೆ.”

ಯಾರೋ ನಕ್ಕರು, ಮತ್ತೆ ಸುಮ್ಮನಾದರು, ಏಕೆಂದರೆ ಗುರುಪಾದ ಸರ್ ಬಾಗಿಲಲ್ಲಿ ಬಂದು ನಿಂತಿದ್ದರು. ಮಕ್ಕಳೆಲ್ಲ ಎದ್ದರು. ಇರ್ಫಾನಾ ಏಳಲಿಲ್ಲ. ಎದ್ದರೆ ಪಾಠ ಮುಗಿದಂತೆ. ಡೆಸ್ಕಿನ ಮೇಲೆ ಎರಡೂ ಕೈ ಊರಿ, ಹಲಗೆಯ ಕಡೆಗೇ ನೋಡುತ್ತ, “ಕೂಡ್ರಿ ಎಲ್ಲಾರು” ಎಂದಳು, ಗಟ್ಟಿಯಾಗಿ. ಒಬ್ಬೊಬ್ಬರಾಗಿ ಕೂತರು. ಗುರುಪಾದ ಸರ್ ಒಳಗೂ ಬರಲಿಲ್ಲ, ಹೋಗಲೂ ಇಲ್ಲ.

ಹುಡುಗಿ ತಲೆ ಬಿಡಿಸಿ ಮುಗಿಸಿ ಹಿಂದೆ ಸರಿದು ನಿಂತಳು. ಏನೋ ಕಡಿಮೆ ಅನ್ನಿಸಿ ಇರ್ಫಾನಾ ಬೆಂಚಿನಿಂದಲೇ ಹೇಳಿದಳು: “ಕಿವಿ ಬಿಟ್ಟಿ.”

“ಬಿಟ್ಟಿಲ್ರಿ. ಕಿವಿ ನೀವು ಹಚ್ಚಿದ್ದಿರಿ” ಎಂದಳು ಯಶೋಧರಾ. ಈಗ ನೇರವಾಗಿ ಅವಳನ್ನು ನೋಡಿದಳು. “ನನಗ ಆವತ್ತ ಹೇಳಾಕ ಆಗಲಿಲ್ಲ. ಇದು ಬಿಲದಾಗ ಇರೂದು, ಹೊರಗ ಕಿವಿ ಇದ್ರ ಮಣ್ಣ ತುಂಬತೈತಿ. ಗದ್ದ ನೆಲಕ್ಕ ಹಚ್ಚಿ ಕೇಳತೈತಿ. ದೂರ ಮೊಸಳಿ ಹೆಜ್ಜಿ ಇಟ್ರೂ ತಿಳೀತೈತಿ ಅದಕ್ಕ. ಕಿವಿ ತಪ್ಪು ಟೀಚರ್.”

ಇಡೀ ವರ್ಗ ಇರ್ಫಾನಾಳ ಕಡೆ ತಿರುಗಿತು. ಅವಳು ಕಣ್ಣು ಮುಚ್ಚಿ ಬಿಲವನ್ನೂ, ಮಣ್ಣನ್ನೂ, ನೆಲಕ್ಕೊರಗಿದ ಗದ್ದದ ಎಲುಬಿನೊಳಗೆ ಏರಿ ಬರುವ ನಡುಕವನ್ನೂ ಹುಡುಕಿದಳು. ಎಲ್ಲಾದರೂ ಸಡಿಲ ಇದೆಯೇ ಎಂದು ಒದ್ದು ನೋಡಿದಳು.

“ಖರೆ” ಎಂದಳು. “ತಪ್ಪು ನಂದು. ಕಿವಿ ಬ್ಯಾಡ. ಮುಂದ ಹೇಳು.”